ಎರಡನೆಯ ಮಿನುಗು ಎಲ್ಲಿ?

ಪ್ರಿಯ ಲೇಖಕರೇ,

ಅಣು ರಿಯಾಕ್ಟರಿನಿಂದ ಹೊಮ್ಮಿ, ಬಹುತೇಕ ಯಾವುದನ್ನೂ ತಾಕದೆ ಸಾಗುವ ಪ್ರತಿನ್ಯೂಟ್ರಿನೊ ಕಣಗಳನ್ನು ಪ್ಲಾಸ್ಟಿಕ್ ಸಿಂಟಿಲೇಟರಿನಲ್ಲಿ (ಕಣ ಹಾದಾಗ ಮಿನುಗುವ ವಸ್ತು) ಹಿಡಿಯುವ ಬಗ್ಗೆ ನೀವು ಕಳಿಸಿದ ‘ಭೂತಕಣದ ಬೇಟೆ’ಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ.

ಒಂಬತ್ತು ಪುಟಗಳಲ್ಲಿ ಮೊದಲ ನಾಲ್ಕು, ಈ ಕಣ ಎಷ್ಟು ನಿಗೂಢ ಎಂಬುದಕ್ಕೇ ಖರ್ಚಾಗಿವೆ. ‘ಭೂತ’ ಎಂಬ ಪದ ಹನ್ನೊಂದು ಸಲ ಬಂದಿದೆ (ಎಣಿಸುವುದು ನನ್ನ ದುರಭ್ಯಾಸ). ಆದರೆ ಕಣ ಸಿಕ್ಕಿಬೀಳುವ ಗಳಿಗೆಗೆ ಒಂದೇ ವಾಕ್ಯ: ‘ಕಣವು ಪ್ಲಾಸ್ಟಿಕ್ಕಿಗೆ ಬಡಿದಾಗ ಹೊಮ್ಮುವ ಬೆಳಕನ್ನು ಉಪಕರಣ ದಾಖಲಿಸುತ್ತದೆ.’ ಅಷ್ಟಕ್ಕೇ ನಂಬುವುದಾದರೆ ವಿಶ್ವಕಿರಣಗಳಿಂದ ಹುಟ್ಟಿ ಆಕಾಶದಿಂದ ಬಂದ ಯಾವ ದಾರಿಹೋಕ ಮ್ಯೂಆನ್ ಕಣವಾದರೂ ಪ್ರತಿನ್ಯೂಟ್ರಿನೊ ಆಗಿಬಿಡುತ್ತದೆ.

ಪ್ಲಾಸ್ಟಿಕ್ಕಿನ ತುಂಬ ಹೈಡ್ರೋಜನ್ ಇದೆ, ಅದರ ನ್ಯೂಕ್ಲಿಯಸ್ ಒಂಟಿ ಪ್ರೋಟಾನ್. ಸಾಕಷ್ಟು ಶಕ್ತಿಯಿರುವ ಪ್ರತಿನ್ಯೂಟ್ರಿನೊ ಅಪರೂಪಕ್ಕೆ ಅದನ್ನು ತಾಕಿದರೆ ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ಕೂಡಲೇ ಮಿನುಗಿ ಅಳಿಯುತ್ತದೆ. ನ್ಯೂಟ್ರಾನ್ ಮಾತ್ರ ಅಲ್ಲಿ ಇಲ್ಲಿ ಡಿಕ್ಕಿ ಹೊಡೆಯುತ್ತ ನಿಧಾನವಾಗುತ್ತದೆ. ಹತ್ತಾರು ಮೈಕ್ರೋಸೆಕೆಂಡುಗಳ ಬಳಿಕ, ಪ್ಲಾಸ್ಟಿಕ್ ಪಟ್ಟಿಗಳ ಮೈಗೆ ಬಳಿದ ಗ್ಯಾಡೊಲಿನಿಯಂ ಎಂಬ ಲೋಹ ಅದನ್ನು ನುಂಗಿ ಗಾಮಾ ಕಿರಣಗಳನ್ನು ಉಗುಳುತ್ತದೆ. ಆಗ ಎರಡನೆಯ ಮಿನುಗು. ಪ್ರಯೋಗಕಾರರು ಕಾದು ಕೂರುವುದು ಈ ಜೋಡಿಗಾಗಿ. ನಿಮ್ಮ ಲೇಖನದಲ್ಲಿ ಎರಡನೆಯದು ಇಲ್ಲವೇ ಇಲ್ಲ.

1956ರಲ್ಲಿ ಭೌತವಿಜ್ಞಾನಿಗಳಾದ ರೈನ್ಸ್ ಮತ್ತು ಕೋವನ್ ಅಮೆರಿಕದ ಸವಾನಾ ರಿವರ್ ರಿಯಾಕ್ಟರಿನ ಬಳಿ ಹುಡುಕಿದ್ದೂ ಇಂಥದೇ ಜೋಡಿಯನ್ನು, ನೀರಿಗೆ ಕ್ಯಾಡ್ಮಿಯಂ ಲವಣ ಬೆರೆಸಿ. ಇಬ್ಬರಿಗೂ ಅದೇ ವರ್ಷ ನೊಬೆಲ್ ಕೊಡಿಸಿದ್ದೀರಿ. ರೈನ್ಸ್‌ಗೆ ಅದು ಬಂದದ್ದು 1995ರಲ್ಲಿ. ಕೋವನ್ 1974ರಲ್ಲೇ ತೀರಿಕೊಂಡಿದ್ದರು.

ಕಲಿನಿನ್ ಅಣುಸ್ಥಾವರದ ಭಾಗ ಚೆನ್ನಾಗಿದೆ, ಅದನ್ನೇ ಹಿಗ್ಗಿಸಿ. ರಷ್ಯಾದ ಆ ರಿಯಾಕ್ಟರಿನ ಅಡಿಯಲ್ಲೇ 2500 ಪ್ಲಾಸ್ಟಿಕ್ ಪಟ್ಟಿಗಳ, ಒಂದು ಘನ ಮೀಟರಿನ ಡಾನ್ಸ್ ಉಪಕರಣ ಲಿಫ್ಟಿನ ಮೇಲೆ ಕುಳಿತು ಏರಿಳಿಯುತ್ತದೆ. ತಲೆಯ ಮೇಲಿನ ರಿಯಾಕ್ಟರೇ ವಿಶ್ವಕಿರಣಗಳಿಗೆ ಕೊಡೆ. ಬೆಂಕಿ ಹಿಡಿಯುವ ದ್ರವ ಸಿಂಟಿಲೇಟರನ್ನು ಟನ್ನುಗಟ್ಟಲೆ ಅಲ್ಲಿಗೆ ಒಯ್ಯಲು ಯಾರು ಬಿಡುತ್ತಾರೆ? ಪ್ಲಾಸ್ಟಿಕ್ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ, ನೀವು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಸೆಕೆಂಡಿಗೆ 1ರ ಮುಂದೆ 20 ಸೊನ್ನೆ ಇಟ್ಟರೂ ಸಾಲದಷ್ಟು ಕಣಗಳು ಹೊರಡುವ ಕಡೆ ದಿನಕ್ಕೆ ಸಿಗುವುದು ಸುಮಾರು 5 ಸಾವಿರ. ಈ ಲೆಕ್ಕದ ಮುಂದೆ ನಿಮ್ಮ ಹನ್ನೊಂದು ಭೂತಗಳೂ ಸಪ್ಪೆ.

ವೇಗದ ನ್ಯೂಟ್ರಾನ್ ಮೊದಲು ಪ್ರೋಟಾನನ್ನು ಗುದ್ದಿ, ಆಮೇಲೆ ತಾನೂ ಸೆರೆಯಾಗಿ ಸುಳ್ಳು ಜೋಡಿಯನ್ನು ಹೆಣೆಯಬಲ್ಲದು. ರಿಯಾಕ್ಟರ್ ನಿಂತ ದಿನಗಳಲ್ಲೂ ಜೋಡಿಗಳನ್ನು ಎಣಿಸಿ, ಆ ಸುಳ್ಳುಗಳನ್ನು ಕಳೆಯಬೇಕಾಗುವುದು ಅದಕ್ಕೇ. ಇದನ್ನೂ ಸೇರಿಸಿ. ‘ಬಾಂಬ್ ತಯಾರಿಯನ್ನು ತಕ್ಷಣ ಪತ್ತೆಹಚ್ಚುತ್ತದೆ’ ಎಂಬುದನ್ನು ಮಾತ್ರ ಹೊಡೆದುಹಾಕಿ. ಯುರೇನಿಯಂ ಉರಿದು ಪ್ಲುಟೋನಿಯಂ ಪಾಲು ಹೆಚ್ಚಿದಂತೆ, ಅಷ್ಟೇ ವಿದ್ಯುತ್ ಉತ್ಪಾದನೆಯಲ್ಲೂ ಪ್ರತಿನ್ಯೂಟ್ರಿನೊಗಳ ಎಣಿಕೆ ತುಸು ಇಳಿಯುತ್ತದೆ. ನಿಗಾ ಇಡುವವರಿಗೆ ಸಿಗುವ ಸುಳಿವು ಅಷ್ಟೇ.

ಐದು ಪುಟಗಳಲ್ಲಿ ಮತ್ತೆ ಬರೆದು ಕಳಿಸಿ. ಪಟ್ಟಿಗಳನ್ನು ಅಡ್ಡ-ಉದ್ದ ಹೇಗೆ ಪೇರಿಸಿದ್ದಾರೆ ಎಂಬುದರ ಗೆರೆಚಿತ್ರವೊಂದು ಜೊತೆಗಿರಲಿ.

ಇಂತಿ,
ಸಂಪಾದಕ