ಪುಕ್ಕಟೆ ಅಕ್ಕಿ ಯಾಕೆ ಎಂದು ಕೇಳಿದಿರಲ್ಲ, ಗುರುಮಠಕಲ್ ಕಡೆಯಿಂದ ಉತ್ತರ

"ಪುಕ್ಕಟೆ ಅಕ್ಕಿ ಕೊಟ್ಟು ಕೊಟ್ಟು ನಿಮ್ಮ ಕಡೆ ಕೂಲಿಗೆ ಜನಾನೇ ಸಿಗ್ತಿಲ್ವಂತೆ, ಹೌದಾ?" ಎಂದು ಬೆಂಗಳೂರಿನವರಾದ ನೀವು ಕೇಳಿದಿರಿ. ನಮ್ಮದು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ, ತೆಲಂಗಾಣದ ಗಡಿ. ಕೆಟ್ಟ ಮನಸ್ಸಿನಿಂದ ಕೇಳಿಲ್ಲ ಅಂತ ಗೊತ್ತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಕೂಲಿಯವರು ಎಲ್ಲಿ ಹೋದರು ಎಂದು ನೋಡಲು ನೀವು ಇಲ್ಲಿಯವರೆಗೆ ಬರಬೇಕಿಲ್ಲ. ಬೆಂಗಳೂರಿನಲ್ಲಿ ಎದ್ದು ನಿಲ್ಲುತ್ತಿರುವ ಯಾವುದಾದರೂ ದೊಡ್ಡ ಕಟ್ಟಡದ ಪಕ್ಕ ನೀಲಿ ತಾಡಪತ್ರಿ ಹೊದಿಸಿದ ಶೆಡ್‌ಗಳಿರುತ್ತವಲ್ಲ, ಅಲ್ಲಿ ಹೋಗಿ ಯಾವೂರು ಎಂದು ಕೇಳಿ. ಯಾದಗಿರಿ, ರಾಯಚೂರು, ಕಲಬುರಗಿ ಎಂದು ಹೇಳುವವರು ಖಂಡಿತ ಸಿಗುತ್ತಾರೆ. ನಮ್ಮಲ್ಲಿ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಮುಗಿಯಿತೆಂದರೆ ಬಸ್ ಸ್ಟ್ಯಾಂಡಿನಲ್ಲಿ, ಯಾದಗಿರಿ ಸ್ಟೇಷನ್ನಿನಲ್ಲಿ ಗಂಟು ಮೂಟೆ ಕಾಣಲು ಶುರು. ಬೆಂಗಳೂರಿಗೆ, ಪುಣೆ ಮುಂಬೈಗೆ, ಹೈದರಾಬಾದಿಗೆ. ವಾಪಸ್ ಬರುವುದು ಮುಂಗಾರು ಬಿತ್ತನೆ ಹೊತ್ತಿಗೆ. ಇತ್ತೀಚೆಗೆ ಎಷ್ಟೋ ಮನೆಯವರು ಆಗಲೂ ಬರುವುದಿಲ್ಲ.

ಊರಲ್ಲಿ ಉಳಿಯುವವರು ಅಜ್ಜಿ, ಅಜ್ಜ, ಶಾಲೆಗೆ ಹೋಗುವ ಮಕ್ಕಳು. ಅವರ ಒಲೆ ಉರಿಯುವುದು ಕಂಟ್ರೋಲ್ ಅಂಗಡಿಯ, ಅಂದರೆ ರೇಷನ್ ಅಂಗಡಿಯ ಅಕ್ಕಿಯಿಂದ. ಮಗ ಅಲ್ಲಿಂದ ದುಡ್ಡು ಕಳಿಸುತ್ತಾನೆ, ನಿಜ. ಆದರೆ ಮೇಸ್ತ್ರಿ ಬಟವಾಡೆ ಮಾಡಿದ ಮೇಲೆ ತಾನೇ ಕಳಿಸುವುದು?

ಸೋಮಾರಿತನದ ಮಾತಿಗೆ ಬರುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ, ಅಂದರೆ ನಮ್ಮ ಬಿಪಿಎಲ್ ಕಾರ್ಡಿನ ಮನೆಯ ಒಬ್ಬೊಬ್ಬರಿಗೆ ಕೊಡುವುದು ತಿಂಗಳಿಗೆ 5 ಕೆಜಿ ಧಾನ್ಯ. ದಿನಕ್ಕೆ 166 ಗ್ರಾಂ ಆಯಿತು. ಇಡೀ ದಿನ ಕಾಂಕ್ರೀಟ್ ಹೊರುವ ಮನುಷ್ಯನಿಗೆ ಅದು ಒಂದು ಹೊತ್ತಿಗೆ ಸಾಲುತ್ತದೆ. ಇಷ್ಟನ್ನು ನಂಬಿ ಯಾರೂ ಕೆಲಸ ಬಿಟ್ಟು ಕೂರುವುದಿಲ್ಲ. ಬದಲಾಗಿರುವುದು ಬೇರೆ. ಮನೆಯಲ್ಲಿ ಅಕ್ಕಿ ಇದ್ದರೆ ತಾಯಿ ಮಗಳನ್ನು ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸುವುದಿಲ್ಲ. ಮೇಸ್ತ್ರಿಯ ಹತ್ತಿರ ಮುಂಗಡ ಈಸಿಕೊಂಡು ವರ್ಷವಿಡೀ ಅವನ ಕೈಕೆಳಗೆ ಇರಬೇಕಾಗಿಲ್ಲ. ಕೂಲಿ ಕಡಿಮೆ ಎಂದರೆ "ಆಗಲ್ಲ" ಎಂದು ಹೇಳುವ ಧೈರ್ಯ ಬಂದಿದೆ. ಆಳು ಸಿಗುತ್ತಿಲ್ಲ ಎನ್ನುವ ದೂರಿನ ಹಿಂದೆ ಬಹುಪಾಲು ಇರುವುದು ಇದೇ. ನನಗಂತೂ ಇದು ಅಕ್ಕಿಯಿಂದ ಆದ ದೊಡ್ಡ ಒಳ್ಳೆಯದು.

ಈಗ ಗಡಿಯ ವಿಷಯ. ಹೊರಗಿನವರಿಗೆ ಇದು ತಿಳಿಯುವುದೇ ಇಲ್ಲ. ಗುರುಮಠಕಲ್‌ನಿಂದ ನಾರಾಯಣಪೇಟೆ ಹತ್ತಿರ. ಅದು ತೆಲಂಗಾಣ. 1956ರವರೆಗೆ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಬಟ್ಟೆ ತರಲು ಅಲ್ಲಿಗೆ ಹೋಗುತ್ತೇವೆ, ಬೀಗತನ ಎರಡೂ ಕಡೆ ಇದೆ, ಮನೆಯಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತವೆ. ರೇಷನ್ ಕಾರ್ಡ್ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ.

ನಾರಾಯಣಪೇಟೆ ಕಡೆಯ ಹುಡುಗಿ ನಮ್ಮೂರಿಗೆ ಸೊಸೆಯಾಗಿ ಬಂದಳು ಎಂದುಕೊಳ್ಳಿ. ಅವಳ ಹೆಸರು ತವರಿನ ಕಾರ್ಡಿನಲ್ಲಿದೆ. ಒಂದು ಆಧಾರ್ ನಂಬರ್ ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ಹಾಗಾಗಿ ಅಲ್ಲಿ ಹೆಸರು ತೆಗೆಸಿದ ಮೇಲೆ ಇಲ್ಲಿ ಸೇರಿಸಬೇಕು. ತೆಗೆಸಲು ಅಪ್ಪ ಆ ಕಡೆಯ ಆಫೀಸಿಗೆ ಅಲೆಯಬೇಕು. ಸೇರಿಸಲು ಗಂಡ ಈ ಕಡೆ ಅಲೆಯಬೇಕು. ನಮ್ಮಲ್ಲಿ ಹೆಸರು ಸೇರಿಸುವ ಅವಕಾಶವನ್ನು ಒಮ್ಮೊಮ್ಮೆ ಕೆಲವೇ ದಿನ, ಕೆಲವು ಸಲ ಕೆಲವೇ ತಾಸು ತೆರೆದಿದ್ದೂ ಇದೆ. ಜನ ಸೆಂಟರಿನ ಮುಂದೆ ಸಾಲು ನಿಂತಾಗಲೇ ಸರ್ವರ್ ಕೈಕೊಡುತ್ತದೆ. ಆ ಕಡೆಯೂ ಹೊಸ ಕಾರ್ಡ್ ವರ್ಷಗಟ್ಟಲೆ ಸಿಗುತ್ತಿರಲಿಲ್ಲ, 2025ರಲ್ಲಿ ಕೊಡಲು ಶುರು ಮಾಡಿದರು. ಈ ನಡುವೆ ಆ ಹುಡುಗಿ ಎಲ್ಲಿಯೂ ಲೆಕ್ಕದಲ್ಲಿ ಇರುವುದಿಲ್ಲ. ಎಷ್ಟೋ ಸಲ ಅದು ಅವಳು ಬಸುರಿಯಾಗಿರುವ, ಬಾಣಂತಿಯಾಗಿರುವ ಕಾಲ. ಊಟ ಹೆಚ್ಚು ಬೇಕಾದ ಹೊತ್ತಿನಲ್ಲೇ ಪಾಲು ಇಲ್ಲ. ಆಮೇಲೆ ಹುಟ್ಟಿದ ಕೂಸಿನ ಹೆಸರು ಸೇರಿಸಲೂ ಮತ್ತೆ ಅಲೆಯಬೇಕು.

ಎರಡು ಸರ್ಕಾರಗಳು ಕೂತು ಮಾತಾಡಿದರೆ ಮುಗಿಯುವ ಕೆಲಸ ಇದು. ಮದುವೆಯಾಗಿ ಬಂದವಳು ಒಂದೇ ಅರ್ಜಿ ಕೊಡಬೇಕು, ಅಲ್ಲಿ ತೆಗೆಯುವುದು ಇಲ್ಲಿ ಸೇರಿಸುವುದು ಒಟ್ಟಿಗೆ ಆಗಬೇಕು. ಎರಡೂ ಕಡೆಯ ಲೆಕ್ಕ ಕಂಪ್ಯೂಟರಿನಲ್ಲೇ ಇದೆಯಲ್ಲ.

ಒಂದು ದೇಶ ಒಂದು ರೇಷನ್ ಕಾರ್ಡ್ ಇದೆಯಲ್ಲ ಎನ್ನುತ್ತೀರಿ. ಇದೆ. 2019ರಲ್ಲಿ ಶುರುವಾಗಿ 2022ರ ಹೊತ್ತಿಗೆ ಎಲ್ಲ ರಾಜ್ಯಕ್ಕೂ ಬಂತು. ಅದರಿಂದ ಉಪಕಾರ ಆಗಿದೆ, ಇಲ್ಲ ಎನ್ನಲಾರೆ. ಹೈದರಾಬಾದಿನಲ್ಲಿ ದುಡಿಯುವ ನಮ್ಮವರು ಅಲ್ಲಿನ ಅಂಗಡಿಯಲ್ಲೇ ಥಂಬ್ ಕೊಟ್ಟು ಅಕ್ಕಿ ತೆಗೆದುಕೊಳ್ಳಬಹುದು. ಆದರೆ ಸಿಗುವುದು ಕೇಂದ್ರದ ಪಾಲು ಮಾತ್ರ. ರಾಜ್ಯ ತನ್ನ ಕಡೆಯಿಂದ ಸೇರಿಸಿ ಕೊಡುವುದು ಗಡಿ ದಾಟುವುದಿಲ್ಲ. ತೆಲಂಗಾಣ 2025ರ ಯುಗಾದಿಯಿಂದ ತನ್ನ ಕಾರ್ಡಿನವರಿಗೆ ತಲೆಗೆ 6 ಕೆಜಿ ಸಣ್ಣ ಅಕ್ಕಿ ಕೊಡುತ್ತಿದೆ. ಆ ಹೆಚ್ಚಿನ ಪಾಲು ನಮ್ಮವರಿಗೆ ಇಲ್ಲ. ನಮ್ಮ ರಾಜ್ಯದ ಹೆಚ್ಚಿನ ಪಾಲೂ ಅಲ್ಲಿ ಸಿಗುವುದಿಲ್ಲ. ಊರಲ್ಲೇ ಇದ್ದವನಿಗಿಂತ ಹೊಟ್ಟೆಪಾಡಿಗೆ ಊರು ಬಿಟ್ಟವನಿಗೆ ಕಡಿಮೆ. ಇದು ಸರಿನಾ?

ಅರ್ಧ ಮನೆ ಅಲ್ಲಿ, ಅರ್ಧ ಮನೆ ಇಲ್ಲಿ ಇದ್ದರೆ ಪಾಲು ಮಾಡಿ ತೆಗೆದುಕೊಳ್ಳಬಹುದು ಎಂದು ನಿಯಮ ಇದೆ. ನಮ್ಮ ಕಡೆ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಹೇಳಿಕೊಡುವವರೂ ಇಲ್ಲ.

ಇನ್ನು ಬೆರಳಿನ ಕಥೆ. ಹತ್ತಿ ಬಿಡಿಸುವ ಕಾಲದಲ್ಲಿ ಹೆಣ್ಣುಮಕ್ಕಳ ಕೈ ನೋಡಿದ್ದೀರಾ? ಒಣಗಿ ಒಡೆದ ಕಾಯಿಯ ತುದಿ ಮುಳ್ಳಿನಂತಿರುತ್ತದೆ, ಉಗುರಿನ ಸುತ್ತ ಎಲ್ಲಾ ಗೀರು. ವರ್ಷಾನುಗಟ್ಟಲೆ ಇದೇ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ. ಅಂಗಡಿಯಲ್ಲಿ ಆ ಬೆರಳನ್ನು ಮಷೀನಿನ ಮೇಲೆ ಇಟ್ಟರೆ ಕೆಂಪು ದೀಪ. ಸೆರಗಿನಿಂದ ಒರೆಸಿ ಮತ್ತೆ ಇಡುತ್ತಾರೆ. ತಲೆಗೂದಲಿಗೆ ಉಜ್ಜಿ ಎಣ್ಣೆ ಹತ್ತಿಸಿ ಇಡುತ್ತಾರೆ. ಹೆಬ್ಬೆರಳು ಆಗಲಿಲ್ಲ, ತೋರುಬೆರಳು, ಆಮೇಲೆ ಎಡಗೈ. ಕೊನೆಗೆ ಡೀಲರ್ "ಒಟಿಪಿ ತರಿಸಬೇ" ಎನ್ನುತ್ತಾನೆ. ಒಟಿಪಿ ಹೋಗುವ ಮೊಬೈಲ್ ಮಗನ ಜೇಬಿನಲ್ಲಿ, ಮಗ ಬೆಂಗಳೂರಿನ ಯಾವುದೋ ಕಟ್ಟಡದ ಮೇಲೆ. ಅವನು ಫೋನ್ ಎತ್ತಿ ನಂಬರ್ ಓದಿ ಹೇಳಬೇಕು, ಆ ಸದ್ದಿನಲ್ಲಿ ಇವಳಿಗೆ ಕೇಳಿಸಬೇಕು, ಅಷ್ಟರಲ್ಲಿ ಟೈಮ್ ಮುಗಿದಿರುತ್ತದೆ. "ನಾಳೆ ಬಾ ಅವ್ವ." ಆ ನಾಳೆ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು.

ಮೋಸ ತಡೆಯಲು ಥಂಬ್ ಬೇಕು ಎನ್ನುವುದು ನನಗೂ ಅರ್ಥವಾಗುತ್ತದೆ. ಆದರೆ ಮಷೀನ್ ಒಪ್ಪದಿದ್ದರೆ ಅಕ್ಕಿ ಇಲ್ಲ ಎಂದಾಗಬಾರದು. ಎದುರಿಗೆ ನಿಂತ ಮುದುಕಿ ಯಾರು ಎಂದು ಊರಿಗೇ ಗೊತ್ತು. ಪುಸ್ತಕದಲ್ಲಿ ಬರೆದು, ಇಬ್ಬರ ಸಾಕ್ಷಿ ಹಾಕಿಸಿ ಕೊಡುವ ದಾರಿ ಪ್ರತಿ ಅಂಗಡಿಯಲ್ಲೂ ಕಡ್ಡಾಯ ಇರಲಿ. ಹಾಗೆ ಕೊಡದ ಅಂಗಡಿಗೆ ದಂಡ ಇರಲಿ.

ಕಾರ್ಡ್ ಯಾರಿಗೆ ಎನ್ನುವ ಲೆಕ್ಕವೂ ಹಳತಾಗಿದೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. 2025-26ರಲ್ಲಿ ನಮ್ಮಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಹೆಂಡತಿ ಇಬ್ಬರೂ ಅದೇ ಕೂಲಿಗೆ ವರ್ಷಕ್ಕೆ 163 ದಿನ ದುಡಿದರೆ 1,20,620 ರೂಪಾಯಿ. ಮಿತಿ ದಾಟಿತು. ಅರ್ಧ ವರ್ಷವೂ ದುಡಿದಿಲ್ಲ, ಆಗಲೇ ಕಾಗದದಲ್ಲಿ ಬಡವರಲ್ಲ! 2024ರ ನವೆಂಬರಿನಲ್ಲಿ ಅನರ್ಹ ಕಾರ್ಡ್ ತೆಗೆಯುತ್ತೇವೆ ಎಂದು ಹೊರಟಾಗ ಎಷ್ಟು ಗೊಂದಲ ಆಯಿತು ನೆನಪಿದೆಯಾ? ಅರ್ಹರ ಕಾರ್ಡೂ ಹೋಗಿದೆ ಎಂದು ಗಲಾಟೆಯಾಗಿ, ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು. ಅದಕ್ಕೇ ನಮ್ಮ ಬೇಡಿಕೆ ಇಷ್ಟೆ: ಕಾರ್ಡ್ ರದ್ದು ಮಾಡುವ ಮೊದಲು ಮನೆಗೆ ಬಂದು ನೋಡಿ, ನೋಟಿಸ್ ಕೊಡಿ. ಬಾಗಿಲಿಗೆ ಬೀಗ ಇದ್ದರೆ ಗುಳೆ ಹೋಗಿದ್ದಾರೆ ಎಂದು ತಿಳಿಯಿರಿ, ಮನೆಯೇ ಇಲ್ಲ ಎಂದು ಬರೆಯಬೇಡಿ. ಆದಾಯದ ಮಿತಿಯನ್ನು ಕೂಲಿ ಏರಿದಂತೆ ಏರಿಸಿ.

ದೆಹಲಿಯಲ್ಲೂ ಇದೇ ಹಾಡು. ಆಹಾರ ಭದ್ರತಾ ಕಾಯ್ದೆ ಪ್ರಕಾರ ಹಳ್ಳಿಗಳಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ 50 ಜನರವರೆಗೆ ಸೇರಿಸಬಹುದು. ಆದರೆ ಆ ಲೆಕ್ಕ ಇನ್ನೂ 2011ರ ಜನಗಣತಿಯದು. ಸುಮಾರು 81 ಕೋಟಿಗೆ ನಿಂತುಬಿಟ್ಟಿದೆ. ಆಮೇಲೆ ಹುಟ್ಟಿದವರು, ಬೆಳೆದವರು, ಮದುವೆಯಾಗಿ ಬೇರೆ ಮನೆ ಮಾಡಿದವರು ಇದ್ದ ಜಾಗದಲ್ಲೇ ಒತ್ತಿಕೊಂಡು ಕೂರಬೇಕು. 2027ರ ಜನಗಣತಿಯ ಅಂಕಿ ಬಂದ ಕೂಡಲೇ ಪಾಲು ತಾನಾಗಿ ಹೆಚ್ಚುವಂತೆ ಸಂಸತ್ತು ಕಾಯ್ದೆಯಲ್ಲೇ ಬರೆಯಬೇಕು. ಇನ್ನೊಂದು ಮಾತು. ಈಗ ಕೇಂದ್ರದ ಧಾನ್ಯ ಪೂರ್ತಿ ಪುಕ್ಕಟೆ ಸಿಗುತ್ತಿರುವುದು 2024ರ ಜನವರಿಯಿಂದ 5 ವರ್ಷಕ್ಕೆ ಮಾಡಿದ ತೀರ್ಮಾನ. 2028ರ ಕೊನೆಗೆ ಅದು ಮುಗಿಯುತ್ತದೆ. ಆಮೇಲೆ ಏನು ಎನ್ನುವುದನ್ನು ಯಾವುದೋ ಚುನಾವಣೆಯ ಭಾಷಣಕ್ಕೆ ಬಿಡಬಾರದು.

ರೇಷನ್ ಅಕ್ಕಿ ಮಾರಿಕೊಳ್ಳುತ್ತಾರೆ ಎನ್ನುವ ಮಾತೂ ನಿಮ್ಮ ಕಡೆ ಜಾಸ್ತಿ. ಮಾರುವವರು ಇದ್ದಾರೆ. ಯಾಕೆ ಅಂತ ನೋಡಿ. ನಾವು ಜೋಳದ ರೊಟ್ಟಿ ತಿನ್ನುವ ಜನ. ಕೆಲವು ತಿಂಗಳು ರೇಷನ್ನಿನಲ್ಲಿ ಜೋಳ ಬಂದದ್ದಿದೆ, ಅದೂ ಎಲ್ಲ ತಿಂಗಳು ಅಲ್ಲ. ಅಕ್ಕಿ ಬಂದರೆ ಸಾರಿಗೆ ಬೇಳೆ ಬೇಕು, ಒಗ್ಗರಣೆಗೆ ಎಣ್ಣೆ ಬೇಕು. ನಾವೇ ತೊಗರಿ ಬೆಳೆಯುವವರು, ಆದರೂ ಕೂಲಿಯವರ ಮನೆಯಲ್ಲಿ ಬೇಳೆ ಎಣಿಸಿ ಹಾಕುವಂತಿದೆ. ಅದಕ್ಕೆ ಒಂದಿಷ್ಟು ಅಕ್ಕಿ ಮಾರಿ ಎಣ್ಣೆ ತರುತ್ತಾರೆ.

ಹಾಗಾಗಿ ಬೇಳೆ, ಎಣ್ಣೆ ಕೊಡುವುದು ಒಳ್ಳೆಯದೇ. ತಮಿಳುನಾಡಿನಲ್ಲಿ ಕಡಿಮೆ ಬೆಲೆಗೆ ತೊಗರಿ ಬೇಳೆ, ಪಾಮ್ ಎಣ್ಣೆ ಕೊಡುತ್ತಾ ಬಂದಿದ್ದಾರೆ. ಛತ್ತೀಸಗಢ 2012ರಲ್ಲೇ ಆಹಾರ ಭದ್ರತೆಗೆ ತನ್ನದೇ ಕಾಯ್ದೆ ಮಾಡಿತು. ನಮ್ಮ ಅನ್ನಭಾಗ್ಯ ಶುರುವಾದದ್ದು 2013ರಲ್ಲಿ. 2023ರಲ್ಲಿ ತಲೆಗೆ 10 ಕೆಜಿ ಎಂದಾಗ ಕೇಂದ್ರ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತ್ತು. ಹೆಚ್ಚಿನ 5 ಕೆಜಿ ಬದಲು ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ದುಡ್ಡಿನ ಬದಲು ಅಕ್ಕಿ. ಅದೇ ವರ್ಷ ಅಕ್ಟೋಬರಿನಲ್ಲಿ ಆ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಎಂದು ಸಂಪುಟ ತೀರ್ಮಾನ ಮಾಡಿತು. ಕಿಟ್ಟಿನ ಯೋಚನೆ ನನಗೆ ಇಷ್ಟವೇ. ಆದರೆ ಹೀಗೆ ಪದೇ ಪದೇ ಬದಲಾದರೆ ಮನೆ ನಡೆಸುವ ಹೆಂಗಸು ಮುಂದಿನ ತಿಂಗಳ ಲೆಕ್ಕ ಹಾಕುವುದು ಹೇಗೆ? ತಲೆಗೆ ಎಷ್ಟು, ಏನೇನು ಎನ್ನುವುದನ್ನು ವಿಧಾನಸಭೆಯಲ್ಲಿ ಕಾಯ್ದೆ ಮಾಡಿ ನಿಲ್ಲಿಸಲಿ. ಕಲ್ಯಾಣ ಕರ್ನಾಟಕಕ್ಕೆ ಜೋಳ ಬೇಕೋ ಅಕ್ಕಿ ಬೇಕೋ ಎಂದು ಮನೆಯವರೇ ಆರಿಸಿಕೊಳ್ಳಲಿ. ಆ ಜೋಳವನ್ನು ಇಲ್ಲಿನ ರೈತರಿಂದಲೇ ಬೆಂಬಲ ಬೆಲೆಗೆ ಕೊಳ್ಳಲಿ.

ಕೊಟ್ಟರೆ ಫಲ ಇದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿಯ 5 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಇಡೀ ರಾಜ್ಯದಲ್ಲಿ ಅದು ನೂರಕ್ಕೆ 35. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದ್ದು ಮೊದಲು ಈ ಕಡೆಯ ಜಿಲ್ಲೆಗಳಲ್ಲಿ. ಎಷ್ಟು ವಿರೋಧ ಬಂತು! ಆಮೇಲೆ ನಮ್ಮ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿ ಅಧ್ಯಯನ ಮಾಡಿದಾಗ ನಮ್ಮ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳ ಬಿಸಿಯೂಟಕ್ಕೂ ಬಂತು.

ನಮ್ಮ ಜಿಲ್ಲೆಗೆ ಶಾಸಕರು 4 ಜನ: ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್. ನಿಮ್ಮ ನಗರಕ್ಕೆ 28. ನಾವು ನಮ್ಮವರನ್ನು ಕೇಳುತ್ತೇವೆ, ಕೇಳುತ್ತಲೇ ಇದ್ದೇವೆ. 224ರಲ್ಲಿ ನಾಲ್ವರ ಮಾತು ಎಷ್ಟು ದೂರ ಹೋದೀತು? ನಿಮ್ಮ ಮನೆ ಕಟ್ಟಿದವರು ನಮ್ಮವರೇ. ಬಜೆಟ್ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರಿಗೆ, ಸಂಸದರಿಗೆ ಒಂದು ಕಾಗದ ಬರೆಯಿರಿ. ರೇಷನ್ ಕಡಿಮೆ ಮಾಡಬೇಡಿ, ಗುಳೆ ಹೋದವರಿಗೆ ಪೂರ್ತಿ ಪಾಲು ಅಲ್ಲೇ ಕೊಡಿ, ಗಡಿಯಾಚೆಯಿಂದ ಬಂದ ಸೊಸೆಯ ಹೆಸರನ್ನು ತಿಂಗಳೊಳಗೆ ಸೇರಿಸಿ ಎಂದು ಬರೆಯಿರಿ. ಇದನ್ನು ನೀವು ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.