‘ಹಸಿವು’ ಹೊಟ್ಟೆಗೆ ಮಾತ್ರ ಸೇರಿದ್ದೇ?

‘ಅಧಿಕಾರದ ಹಸಿವು’, ‘ಜ್ಞಾನದ ಹಸಿವು’ ಎನ್ನುವುದು ಇಂಗ್ಲಿಷಿನಿಂದ ಬಂದ ಕೃತಕ ಪ್ರಯೋಗವೇ, ಕನ್ನಡದಲ್ಲಿ ಹಸಿವು ಹೊಟ್ಟೆಗಷ್ಟೇ ಸಲ್ಲಬೇಕಲ್ಲವೇ ಎಂದು ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

ನಾವು ಎರವಲು ಪಡೆದ ಸಂಸ್ಕೃತ ಪದಗಳನ್ನೇ ನೋಡಿ. ಹಸಿವಿಗೆ ‘ಬುಭುಕ್ಷೆ’ ಎನ್ನುತ್ತೇವೆ. ಅದು ‘ಭುಜ್’ ಧಾತುವಿನ ಇಚ್ಛಾರ್ಥಕ ರೂಪ, ಅಂದರೆ ಉಣ್ಣುವ ಇಚ್ಛೆ. ಕುಡಿಯುವ ಇಚ್ಛೆ ಪಿಪಾಸೆ, ತಿಳಿಯುವ ಇಚ್ಛೆ ಜಿಜ್ಞಾಸೆ. ಮೂರನ್ನೂ ಒಂದೇ ಅಚ್ಚಿನಲ್ಲಿ ಎರೆಯಲಾಗಿದೆ! ಅಲ್ಲಿ ಹಸಿವೆಂಬುದು ಮೊದಲಿನಿಂದಲೇ ಒಂದು ಬಯಕೆ.

ಅಚ್ಚಗನ್ನಡದಲ್ಲೂ ಗೆರೆ ತೆಳುವೇ. ಹೊಟ್ಟೆ ತಣಿಯುತ್ತದೆ, ಮನಸ್ಸೂ ತಣಿಯುತ್ತದೆ. ಊಟವೂ ಹೊಟ್ಟೆ ತುಂಬ, ನೋಟವೂ ಕಣ್ತುಂಬ.

ವ್ಯತ್ಯಾಸ ಇರುವುದು ಬೇರೆಡೆ. ‘ನನಗೆ ಹಸಿವಾಗಿದೆ’ ಎಂದರೆ ಸಾಕು, ಯಾವುದರ ಹಸಿವೆಂದು ಯಾರೂ ಕೇಳುವುದಿಲ್ಲ. ಬಯಕೆಯ ಹಸಿವಿಗೆ ಮಾತ್ರ ‘ಜ್ಞಾನದ’, ‘ಪ್ರೀತಿಯ’ ಎಂಬ ವಿಳಾಸ ಬೇಕು. ದೇಹದ ಹಸಿವಿಗೆ ಹೊಟ್ಟೆಯಿಂದಲೇ ದೂತನೂ ಇದ್ದಾನೆ: 1999ರಲ್ಲಿ ಪತ್ತೆಯಾದ ಗ್ರೆಲಿನ್ ಎಂಬ ಹಾರ್ಮೋನು. ಊಟಕ್ಕೆ ಮುಂಚೆ ಅದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಅಧಿಕಾರದ ಹಸಿವು ಉಂಡಷ್ಟೂ ಏರುವುದೇ ಹೆಚ್ಚು. ಹಾಗಾಗಿ ಅಲ್ಲಿ ನಾನು ‘ದಾಹ’ ಅಥವಾ ‘ಹಪಾಹಪಿ’ ಬಳಸುತ್ತೇನೆ. ‘ಹಪಾಹಪಿ’ಯಲ್ಲಿ ಸ್ವಲ್ಪ ಬೈಗುಳವೂ ಬೆರೆತಿದೆ. ಕಲಿಕೆಯ ವಿಷಯಕ್ಕೆ ‘ಹಸಿವು’ ಚೆನ್ನಾಗಿಯೇ ಒಪ್ಪುತ್ತದೆ, ಧೈರ್ಯವಾಗಿ ಬರೆಯಿರಿ.