ಚಿತ್ರ ಬಿಡಿಸಲು ಬಾರದವರು ಕನ್ನಡದಲ್ಲಿ ಕಾಮಿಕ್ಸ್ ಬರೆಯಬಹುದಾ?

ನೀವು ಕೇಳಿದ್ದು ಮೂರು ವಿಷಯ. ಚಿತ್ರ ಬಿಡಿಸಲು ಬಾರದಿದ್ದರೂ ಕಾಮಿಕ್ಸ್ ಬರೆಯಬಹುದಾ? ಚಿತ್ರಗಾರರೇ ಎಲ್ಲ ಮಾಡುವಾಗ ಬರೆಯುವವನಿಗೆ ಅಲ್ಲೇನು ಕೆಲಸ? ಬರೆಯುವವರು ಏನು ಓದುತ್ತಾರೆ, ಏನು ನೋಡುತ್ತಾರೆ? ನಾನು ದಾವಣಗೆರೆಯವನು. ಹಗಲು ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತೇನೆ, ರಾತ್ರಿ ಕಾಮಿಕ್ಸ್ ಬರೆಯುತ್ತೇನೆ. ನನಗೂ ಚಿತ್ರ ಬಿಡಿಸಲು ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಖಂಡಿತ ಬರೆಯಬಹುದು. ಸೂಪರ್‌ಮ್ಯಾನ್ 1938ರಲ್ಲಿ ಮೊದಲ ಸಲ ಅಚ್ಚಾದಾಗ ಕಥೆ ಜೆರ್ರಿ ಸೀಗೆಲ್ ಅವರದು, ಚಿತ್ರ ಜೋ ಶುಸ್ಟರ್ ಅವರದು. ಕಾಡಿನ ಮುಖವಾಡದ ವೀರ ಫ್ಯಾಂಟಮ್‌ನ ಕಾಮಿಕ್ಸ್ ಶುರುವಾಗಿದ್ದು 1936ರಲ್ಲಿ. ಅವನನ್ನು ಹುಟ್ಟಿಸಿದ ಲೀ ಫಾಕ್ 1999ರಲ್ಲಿ ತೀರಿಕೊಳ್ಳುವವರೆಗೂ ಆ ಕಥೆಗಳನ್ನು ಬರೆದರು. ಅಷ್ಟು ವರ್ಷಗಳಲ್ಲಿ ಚಿತ್ರಗಾರರು ಬದಲಾದರು. ಕಾಡಿನ ಆ ಗುಹೆ, ತಲೆಬುರುಡೆಯ ಉಂಗುರ, ಅಪ್ಪನಿಂದ ಮಗನಿಗೆ ಬರುವ ಮುಖವಾಡ ಬದಲಾಗಲಿಲ್ಲ. ಇನ್ನೊಂದು ವಿಷಯ: ಫಾಕ್ ನಾಟಕದವರೂ ಹೌದು. ನಾಟಕ ಬರೆದರು, ಆಡಿಸಿದರು. ಅದಕ್ಕೆ ಆಮೇಲೆ ಬರುತ್ತೇನೆ.

ಬರೆಯುವವನ ಕೆಲಸ ಏನು ಅಂದರೆ, ಯಾವ ಕ್ಷಣವನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅಂತ ಆರಿಸುವುದು. ಮಾತು ಬರೆಯುವುದು ಆಮೇಲಿನ ಕೆಲಸ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಕಾಮಿಕ್ಸಿನ ಒಂದು ಪುಟದಲ್ಲಿ ಸಿಗುವುದು ಐದೋ ಆರೋ ಪ್ಯಾನೆಲ್, ಅಂದರೆ ಚೌಕಟ್ಟು ಹಾಕಿದ ಚಿತ್ರ. ಉಳಿದದ್ದೆಲ್ಲ ಎರಡು ಪ್ಯಾನೆಲ್ ನಡುವಿನ ಖಾಲಿ ಜಾಗದಲ್ಲಿ, ಓದುವವರ ತಲೆಯೊಳಗೆ ನಡೆಯಬೇಕು. ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಮಾಡಿದರು. ಅದರಲ್ಲಿ ಒಂದು ಪ್ಯಾನೆಲ್‌ನಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನ ಪ್ಯಾನೆಲ್‌ನಲ್ಲಿ ರಾತ್ರಿಯ ಊರು, ಒಂದು ಚೀರಾಟ. ಏಟು ಎಲ್ಲೂ ಕಾಣುವುದಿಲ್ಲ. ಏಟು ಹಾಕಿದ್ದು ಓದುಗರೇ ಅನ್ನುತ್ತಾರೆ ಅವರು. ನಾನು ಅದನ್ನು ಓದಿದಾಗ ತಕ್ಷಣ ನೆನಪಾಗಿದ್ದು ನಮ್ಮ ಪಕ್ಕದ ದುರ್ಗದ ಓಬವ್ವ.

ಕಥೆ ನಿಮಗೆ ಗೊತ್ತಿದೆ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಒಂದು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಾರೆ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿದ್ದಾನೆ. ನೀರು ತರಲು ಹೋದ ಓಬವ್ವನಿಗೆ ಇದು ಕಾಣುತ್ತದೆ. ಒನಕೆ ತಂದು ನಿಲ್ಲುತ್ತಾಳೆ. ಒಂದು ತಲೆ ಬಂದ ಹಾಗೆ ಒಂದು ಏಟು, ಹೆಣ ಪಕ್ಕಕ್ಕೆ, ಮತ್ತೆ ಇನ್ನೊಂದು ತಲೆ.

ಇದನ್ನು ಒಂದು ಪುಟದಲ್ಲಿ ಹೇಳಿ ಅಂದರೆ ಹೆಚ್ಚಿನವರು ಮೊದಲು ಬರೆಸುವುದು ಎತ್ತಿದ ಒನಕೆಯನ್ನೇ. ಆದರೆ ಆ ಚಿತ್ರ ಈಗಾಗಲೇ ಎಲ್ಲರ ತಲೆಯಲ್ಲಿದೆ. ಪ್ರತಿಮೆಗಳಲ್ಲಿ ನೋಡಿದ್ದೇವೆ. 1972ರ 'ನಾಗರಹಾವು' ಸಿನಿಮಾದಲ್ಲಿ ಪುಟ್ಟಣ್ಣ ಕಣಗಾಲರು ಅದೇ ಕೋಟೆಯಲ್ಲಿ ಜಯಂತಿ ಅವರ ಕೈಗೆ ಒನಕೆ ಕೊಟ್ಟು ತೋರಿಸಿದ್ದಾರೆ. ಅದಕ್ಕಿಂತ ಚೆನ್ನಾಗಿ ತೋರಿಸಲು ಹೋಗುವುದು ಬೇಡ. ಓದುಗರ ಬಳಿ ಇರುವುದನ್ನೇ ಬಳಸಿಕೊಂಡರೆ ನಮ್ಮ ಪುಟದಲ್ಲಿ ಬೇರೆಯದಕ್ಕೆ ಜಾಗ ಸಿಗುತ್ತದೆ, ಅಲ್ವಾ?

ನಾನು ಬರೆದ ಪುಟ ಹೀಗಿತ್ತು. ಚಿತ್ರಗಾರರಿಗೆ ಕಳಿಸಿದ ಹಾಗೆಯೇ ಕೊಡುತ್ತೇನೆ, ಸ್ಕ್ರಿಪ್ಟ್ ಹೇಗಿರುತ್ತದೆ ಅಂತಲೂ ಗೊತ್ತಾಗಲಿ.

ಪ್ಯಾನೆಲ್ 1: ತಟ್ಟೆ. ಮುದ್ದೆ ಅರ್ಧ ಮುಗಿದಿದೆ. ಗಂಡನ ಕೈ ಖಾಲಿ ತಂಬಿಗೆಯನ್ನು ಮುಂದೆ ತಳ್ಳುತ್ತಿದೆ. ಹಿಂದೆ ಗೋಡೆಗೆ ಒರಗಿಸಿದ ಒನಕೆ. ಮಾತು: "ನೀರಿಲ್ಲೇನು?"

ಪ್ಯಾನೆಲ್ 2: ಬಂಡೆಗಳ ನಡುವೆ ನೆಲದ ಮೇಲೆ ಕೊಡ ಇಡುತ್ತಿರುವ ಕೈ. ಬಳೆ ಸದ್ದಾಗದ ಹಾಗೆ ಇನ್ನೊಂದು ಕೈ ಹಿಡಿದಿದೆ. ಮಾತಿಲ್ಲ.

ಪ್ಯಾನೆಲ್ 3: ಕಿಂಡಿ. ಅದರಿಂದ ಹೊರಬಂದ ಒಂದು ತಲೆ. ಮಾತಿಲ್ಲ.

ಪ್ಯಾನೆಲ್ 4: ಅದೇ ಕಿಂಡಿ, ಅದೇ ಕೋನ. ಯಾರೂ ಇಲ್ಲ. ಮಣ್ಣಿನಲ್ಲಿ ಏನೋ ಎಳೆದ ಗುರುತು.

ಪ್ಯಾನೆಲ್ 5: ಅದೇ ಕಿಂಡಿ, ಅದೇ ಕೋನ. ಬೇರೆ ತಲೆ. ಎಳೆದ ಗುರುತು ಈಗ ಅಗಲವಾಗಿದೆ.

ಪ್ಯಾನೆಲ್ 6: ಮನೆ. ಗಂಡ ಬಾಗಿಲ ಕಡೆ ನೋಡುತ್ತಿದ್ದಾನೆ. ಹಿಂದೆ ಗೋಡೆ. ಒನಕೆ ಇದ್ದ ಜಾಗ ಖಾಲಿ.

ಒನಕೆ ಎತ್ತಿದ್ದು ಒಂದು ಸಲವೂ ಕಾಣುವುದಿಲ್ಲ. ಆದರೂ ಓದಿದವರಿಗೆ ಏಟು ಕೇಳಿಸುತ್ತದೆ. ನನ್ನ ಜೊತೆ ಕೆಲಸ ಮಾಡುವ ಚಿತ್ರಗಾರ್ತಿ ಇದಕ್ಕೆ ಒಂದು ಕೆಲಸ ಸೇರಿಸಿದರು. ಮೂರು, ನಾಲ್ಕು, ಐದನೇ ಪ್ಯಾನೆಲ್‌ಗಳಲ್ಲಿ ಕಿಂಡಿಯ ನೆರಳನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾ ಹೋದರು. ಮಧ್ಯಾಹ್ನದ ಊಟದ ಹೊತ್ತಿನಿಂದ ಅವಳು ಎಷ್ಟು ಹೊತ್ತು ಅಲ್ಲಿ ನಿಂತಿದ್ದಳು ಅನ್ನುವುದು ಆ ನೆರಳಿನಿಂದ ಗೊತ್ತಾಗುತ್ತದೆ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಕಾಮಿಕ್ಸ್ ಬರೆಯುವುದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ನಾನು ಜಾಗ ಬಿಟ್ಟ ಕಡೆ ಇನ್ನೊಬ್ಬರು ನನಗಿಂತ ಚೆನ್ನಾಗಿ ಯೋಚಿಸುತ್ತಾರೆ.

ಎಷ್ಟು ಜಾಗ ಬಿಡಬೇಕು ಅನ್ನುವುದರಲ್ಲಿ ಬೇರೆ ಬೇರೆ ದಾರಿಗಳಿವೆ. ಇಂಗ್ಲೆಂಡಿನ ಕಾಮಿಕ್ಸ್ ಬರಹಗಾರ ಅಲನ್ ಮೂರ್ ಒಂದೊಂದು ಪ್ಯಾನೆಲ್‌ಗೂ ಪುಟಗಟ್ಟಲೆ ಬರೆಯುವುದಕ್ಕೆ ಹೆಸರಾದವರು. 1960ರ ದಶಕದಲ್ಲಿ ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಕಂಪನಿಯಲ್ಲಿ ಬರಹಗಾರ ಸ್ಟಾನ್ ಲೀ ಚಿಕ್ಕದಾಗಿ ಕಥೆ ಹೇಳುತ್ತಿದ್ದರು. ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಅಂಥ ಚಿತ್ರಗಾರರು ಪುಟಗಳ ಚಿತ್ರ ಬಿಡಿಸಿಕೊಟ್ಟ ಮೇಲೆ ಮಾತು ಸೇರುತ್ತಿತ್ತು. ಆಗ ಕಥೆ ನಿಜವಾಗಿ ಯಾರದು ಅನ್ನುವ ಜಗಳ ಬಂತು, ಅದು ಇವತ್ತಿಗೂ ಮುಗಿದಿಲ್ಲ. ನಾನು ಕಥೆಗೆ ಬೇಕೇ ಬೇಕಾದ ವಸ್ತುಗಳನ್ನು ಮಾತ್ರ ಬರೆಯುತ್ತೇನೆ. ಒನಕೆ ಗೋಡೆಗೆ ಒರಗಿರಬೇಕು, ಆಮೇಲೆ ಇರಬಾರದು. ಗೋಡೆಯ ಬಣ್ಣ, ಗಂಡನ ಮೀಸೆ ನನ್ನ ಕೆಲಸ ಅಲ್ಲ.

ಇನ್ನು ಮಾತು. ಕಡಿಮೆ ಬರೆಯಿರಿ. ಪಾತ್ರದ ಮಾತು ಬರೆಯುವ ಗುಳ್ಳೆಗೆ ಬಲೂನು ಅನ್ನುತ್ತಾರೆ. ಒಂದು ಬಲೂನಿಗೆ ಹತ್ತು ಪದ ಸಾಕು, ಐದಾದರೆ ಇನ್ನೂ ಒಳ್ಳೆಯದು. ಕನ್ನಡಕ್ಕೆ ಜಾಗ ಜಾಸ್ತಿ ಬೇಕು. ನಮ್ಮ ಪದಗಳು ಉದ್ದ, ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಅಂತ ಬಿಡಿಸಿದ ಬಲೂನಿನಲ್ಲಿ ಕನ್ನಡ ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆದ್ದರಿಂದ ಮಾತು ಎಷ್ಟಿದೆ ಅಂತ ಚಿತ್ರ ಶುರುವಾಗುವ ಮೊದಲೇ ಹೇಳಿಬಿಡಬೇಕು. ಸದ್ದಿನ ವಿಷಯದಲ್ಲಿ ಮಾತ್ರ ನಾವು ಶ್ರೀಮಂತರು. ದಬಕ್, ಛಟೀರ್, ಚರ್ರ್, ಬುಳುಬುಳು, ಗಿರಗಿರ, ಏನು ಬೇಕಾದರೂ ಇದೆ. ಹೊರಗಿನ ಕಾಮಿಕ್ಸ್‌ನ ಸದ್ದುಗಳನ್ನು ಎರವಲು ತರುವ ಅಗತ್ಯವೇ ಇಲ್ಲ. ಪಾತ್ರಗಳು ನಮ್ಮೂರ ಹಾಗೆ ಮಾತಾಡಲಿ. "ಎಲ್ಲಿಗೆ ಹೊಂಟೀಯಲೇ?" ಅಂತ ಕೇಳುವ ಹುಡುಗನ ಬಾಯಲ್ಲಿ "ಎಲ್ಲಿಗೆ ಹೋಗುತ್ತಿರುವೆ ಗೆಳೆಯಾ?" ಬಂದರೆ ಆ ಹುಡುಗ ಅಲ್ಲೇ ಸತ್ತುಹೋಗುತ್ತಾನೆ.

ಪುಟ ತಿರುಗಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಲಗಡೆಯ ಪುಟದ ಕೊನೆಯ ಪ್ಯಾನೆಲ್‌ನಲ್ಲಿ ಪ್ರಶ್ನೆ ಇರಬೇಕು, ತಿರುಗಿಸಿದ ಮೇಲೆ ಎಡಗಡೆಯ ಮೇಲ್ಭಾಗದಲ್ಲಿ ಉತ್ತರ ಇರಬೇಕು. ಬೆಚ್ಚಿಬೀಳಿಸುವ ಚಿತ್ರವನ್ನು ಬಲಪುಟದಲ್ಲಿ ಇಟ್ಟರೆ ಪುಟ ತೆರೆದ ಕೂಡಲೇ ಕಣ್ಣು ಅಲ್ಲಿಗೆ ಓಡುತ್ತದೆ. ಮೊಬೈಲ್‌ಗೆ ಬರೆಯುವುದಾದರೆ ಈ ಲೆಕ್ಕ ಬೇರೆ. ಅಲ್ಲಿ ಎರಡು ಚಿತ್ರಗಳ ನಡುವೆ ಉದ್ದಕ್ಕೆ ಖಾಲಿ ಜಾಗ ಬಿಟ್ಟು, ಪರದೆ ಸರಿಸುವ ಬೆರಳು ಕಾಯುವ ಹಾಗೆ ಮಾಡಬೇಕು.

ಈಗ ಓದುವುದು, ನೋಡುವುದು. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಕಂಪನಿ ನಾಟಕ. ದಾವಣಗೆರೆ ಅಂದರೆ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ. ಆ ಮನೆತನದ ನಟಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಕಂಪನಿ ನಾಟಕದಲ್ಲಿ ಪರದೆ ಏಳುತ್ತಿದ್ದಂತೆ ಇದು ಅರಮನೆ, ಇದು ಬೀದಿ, ಇದು ಕಾಡು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಯಾರೂ ವಿವರಿಸುವುದಿಲ್ಲ. ಪಾತ್ರ ಒಳಗೆ ಬಂದು ನಿಂತ ರೀತಿಯಲ್ಲೇ ಅವನು ಸಾಹುಕಾರನೋ ಸಾಲಗಾರನೋ ಗೊತ್ತಾಗುತ್ತದೆ. ಕೊನೇ ಸಾಲಿನಲ್ಲಿ ಕೂತವರಿಗೂ ಗೊತ್ತಾಗಬೇಕು, ಅದಕ್ಕೇ ಮೈ ಅಷ್ಟು ಮಾತಾಡುತ್ತದೆ. ಕಾಮಿಕ್ಸಿನಲ್ಲಿ ಮುಖ ಉಗುರಿನಷ್ಟು ಚಿಕ್ಕದಿರುವಾಗ ಇದೇ ಬೇಕಾಗುವುದು. ಲೀ ಫಾಕ್ ನಾಟಕದವರು ಅಂತ ತಿಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ.

'ಚಂದಮಾಮ'ದ ಶಂಕರ್ ಅವರ ಚಿತ್ರಗಳನ್ನು ಈಗಲೂ ತೆಗೆದು ನೋಡುತ್ತೇನೆ. ವಿಕ್ರಮ ಕತ್ತಿ ಹಿಡಿದು ಹೆಗಲ ಮೇಲೆ ಬೇತಾಳನನ್ನು ಹೊತ್ತು ಸ್ಮಶಾನದಲ್ಲಿ ನಡೆಯುವ ಆ ಚಿತ್ರ ಎಲ್ಲರಿಗೂ ಗೊತ್ತು. ಅದರಲ್ಲಿ ಹೊಡೆದಾಟ ಇಲ್ಲ. ಒಬ್ಬ ನಡೆಯುತ್ತಿದ್ದಾನೆ ಅಷ್ಟೇ. ಆದರೆ ಹಿಂದೆ ಆಗಿದ್ದು, ಮುಂದೆ ಆಗುವುದು ಎರಡೂ ಅದರೊಳಗಿದೆ. ಶಂಕರ್ 2020ರಲ್ಲಿ ತೀರಿಕೊಂಡರು. ಅವರಷ್ಟು ಸರಿಯಾದ ಕ್ಷಣವನ್ನು ಹಿಡಿದವರು ನಮ್ಮಲ್ಲಿ ಕಡಿಮೆ. ಮಕ್ಕಳ ಪತ್ರಿಕೆ 'ಬಾಲಮಂಗಳ'ದ ಕಾಮಿಕ್ಸ್ ನಾಯಕ ಡಿಂಗನನ್ನು ಪ್ರೀತಿಯಿಂದ ಓದಿದ್ದೇನೆ. ಅಮರ ಚಿತ್ರಕಥೆಯ ಅನಂತ ಪೈ ನಮ್ಮ ಕಾರ್ಕಳದವರು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ. ಆದರೆ ಅಲ್ಲಿ ಚಿತ್ರ ಹೇಳಿದ್ದನ್ನೇ ಮೇಲಿನ ಬರಹ ಮತ್ತೆ ಹೇಳುವುದು ಜಾಸ್ತಿ ಅಂತ ನನ್ನ ಅಭಿಪ್ರಾಯ. ಮಾತಿಲ್ಲದ ಪುಟ ಹೇಗಿರಬೇಕು ಅಂತ ನೋಡಲು ಜಪಾನಿನ ಕಾಮಿಕ್ಸ್ ಓದಿ. ಸೂಪರ್‌ಹೀರೋ ಸಿನಿಮಾಗಳನ್ನು ಖುಷಿಗೆ ನೋಡುತ್ತೇನೆ. ಬರೆಯುವ ಕೆಲಸಕ್ಕೆ ಅವುಗಳಿಂದ ಸಿಗುವುದು ಕಡಿಮೆ, ಅಲ್ಲಿ ಎಲ್ಲವೂ ಚಲಿಸುತ್ತದೆ.

ಕುಸ್ತಿ ಕೂಡ ಹೇಳಬೇಕು. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಕುಸ್ತಿ ಇರುತ್ತದೆ. ನಾನು ನೋಡುವುದು ಚಿತ್ ಆಗುವ ಗಳಿಗೆಯನ್ನಲ್ಲ. ಅದಕ್ಕೆ ಸ್ವಲ್ಪ ಮೊದಲು ಒಬ್ಬನ ಹಿಮ್ಮಡಿ ಮಣ್ಣಿನಿಂದ ಮೇಲೇಳುತ್ತದೆ. ಅವನಿಗೂ ಗೊತ್ತಾಗಿರುತ್ತದೆ, ಎದುರಿನವನಿಗೂ ಗೊತ್ತಾಗಿರುತ್ತದೆ. ಪ್ಯಾನೆಲ್ ಅಲ್ಲಿದೆ.

ಈಗ ಬರೆಯುತ್ತಿರುವುದು ನಮ್ಮೂರಿನ ಮಂಡಕ್ಕಿ ಭಟ್ಟಿಯ ಕಥೆ. ಬೆಳಗಾಗುವ ಮೊದಲೇ ಒಲೆ ಹತ್ತುತ್ತದೆ, ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತದೆ, ಜರಡಿ ಹಿಡಿದವರ ಮುಖ ಹೊಗೆಯಲ್ಲಿ ಕಂಡೂ ಕಾಣದ ಹಾಗಿರುತ್ತದೆ. ಇಂಥ ಜಾಗ ಕಾಮಿಕ್ಸ್‌ಗೆ ಸಿಗುವುದು ಅಪರೂಪ. ಭಟ್ಟಿಯಿಂದ ಮೂಟೆಗಳು ಕಾಣೆಯಾಗುತ್ತವೆ, ಅಲ್ಲಿ ಕೆಲಸ ಮಾಡುವವರ ಮಗಳು ಹುಡುಕಲು ಹೊರಡುತ್ತಾಳೆ. ಮೂಟೆಯಲ್ಲಿ ತೂತಿದೆ, ದಾರಿಯುದ್ದಕ್ಕೂ ಮಂಡಕ್ಕಿ ಚೆಲ್ಲಿದೆ. ಅದನ್ನು ಯಾವ ಪಾತ್ರವೂ ಹೇಳುವುದಿಲ್ಲ. ಹಿನ್ನೆಲೆಯಲ್ಲಿ ಕಾಗೆಗಳು ಮಾತ್ರ ಒಂದೊಂದು ಬೀದಿಯಲ್ಲಿ ಕೂತಿರುತ್ತವೆ. ಆರನೇ ಪುಟದಲ್ಲಿ ಅವಳು ತಲೆಯೆತ್ತಿ ಕಾಗೆಗಳನ್ನು ನೋಡುತ್ತಾಳೆ. ಆಗ ಓದುಗರು ಹಿಂದಿನ ಪುಟಗಳಿಗೆ ಹೋಗಿ ನೋಡಿದರೆ ಕಾಗೆಗಳು ಮೊದಲಿನಿಂದಲೂ ಅಲ್ಲಿವೆ. ಚಿತ್ರಮಂದಿರದಲ್ಲಿ ಕೂತವರಿಗೆ ಹೀಗೆ ಹಿಂದೆ ಹೋಗಲು ಆಗುವುದಿಲ್ಲ. ಕಾಮಿಕ್ಸ್ ಓದುವವರು ಎಷ್ಟು ಸಲ ಬೇಕಾದರೂ ಹೋಗಬಹುದು.

ನೀವು ಶುರು ಮಾಡುವಾಗ ದೊಡ್ಡ ಪುಸ್ತಕಕ್ಕೆ ಕೈ ಹಾಕಬೇಡಿ. ನಾಲ್ಕು ಪುಟದಲ್ಲಿ ಮುಗಿಯುವ ಒಂದು ಕಥೆ ಬರೆಯಿರಿ. ಬರೆದ ಮೇಲೆ ಮಾತುಗಳನ್ನೆಲ್ಲ ಕೈಯಿಂದ ಮುಚ್ಚಿ ಬರೀ ಚಿತ್ರದ ವಿವರ ಓದಿ. ಕಥೆ ಅರ್ಥವಾಗದಿದ್ದರೆ ಇನ್ನೂ ಬರೆಯುವುದಿದೆ. ಚಿತ್ರಗಾರರು ಬೇಕಾದರೆ ನಮ್ಮ ದೃಶ್ಯಕಲಾ ಮಹಾವಿದ್ಯಾಲಯದಂಥ ಕಡೆ ಓದುವ ಹುಡುಗ ಹುಡುಗಿಯರನ್ನು ಮಾತಾಡಿಸಿ. ಅವರ ಹಳೆಯ ಕೆಲಸ ನೋಡಿ, ಯಾರು ಕೈಕಾಲು, ಬೆನ್ನುಗಳನ್ನು ಚೆನ್ನಾಗಿ ಬಿಡಿಸುತ್ತಾರೋ ಅವರನ್ನು ಕೇಳಿ. ಮುಖ ಬಿಡಿಸುವವರು ತುಂಬಾ ಜನ ಸಿಗುತ್ತಾರೆ. ಒಂದು ಪುಟ ಬರೆಯಲು ನಿಮಗೆ ಒಂದು ಸಂಜೆ ಸಾಕು, ಅದರ ಚಿತ್ರ ಬಿಡಿಸಲು ಅವರಿಗೆ ದಿನಗಳು ಬೇಕು. ಆದ್ದರಿಂದ ದುಡ್ಡಿನ ಮಾತು ಮೊದಲೇ ಆಗಲಿ, ಎಷ್ಟು ಅನ್ನುವುದು ಬರಹದಲ್ಲಿರಲಿ. ಮುಖಪುಟದಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ ಬರಲಿ.